ಒಂದು ದನಿ, ಎರಡು ಡಬ್ಬಿ

“ಸಾಗವಾನಿ ಐತ್ರೀ ಸಾಹೇಬ್ರ, ಒಳಗಿಂದೆಲ್ಲಾ ಜಪಾನ್ ಮಾಲು,” ಎನ್ನುತ್ತ ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯಾತ ಪೆಟ್ಟಿಗೆಯ ನೆತ್ತಿಗೆ ಬೆರಳ ಗೆಣ್ಣಿನಿಂದ ಎರಡು ಬಾರಿಸಿದ. ಗಿರಾಕಿಯ ಮುಂದೆ ಕಲ್ಲಂಗಡಿ ಬಾರಿಸುತ್ತಾರಲ್ಲ, ಹಾಗೆ. ನಾನೂ ತಿಳಿದವನಂತೆ ತಲೆದೂಗಿದೆ. ಜೋಡಿ ಸ್ಪೀಕರು. ಒಂದರ ಮೇಲೆ ರೆಕ್ಕೆಯಿಲ್ಲದ ಫ್ಯಾನು ಕೂತಿತ್ತು. ಇನ್ನೊಂದರ ಮೇಲೆ ಬಿಂದಿಗೆ ಇಟ್ಟೂ ಇಟ್ಟೂ ಬಿದ್ದ ಉಂಗುರದ ಕಲೆ. ಹೆಸರಿನ ಪಟ್ಟಿ ಎಂದೋ ಕಿತ್ತುಹೋಗಿ ಒಣಗಿದ ಗೋಂದಿನ ಎರಡು ಚುಕ್ಕೆ ಉಳಿದಿದ್ದವು.

“ಯಾವ ಕಂಪನಿದ್ರೀ ಇವು?”

“ನಿಮಗ ಯಾವ್ದು ಬೇಕ್ರೀ?”

ಹೀಗೆ ಮಾತಾಡುವವನ ಹತ್ತಿರ ಚೌಕಾಶಿ ಮಾಡಿ ಗೆದ್ದವರಿಲ್ಲ. ಆದರೂ 2,000 ರೂಪಾಯಿಗೆ ಶುರುವಾದದ್ದು 1,100ಕ್ಕೆ ಬಂದು ನಿಂತಾಗ ನನಗೆ ಮೀಸೆ ಮೇಲೆ ಕೈಹೋಗುವಷ್ಟು ಖುಷಿಯಾಯಿತು. ನೋಟು ಎಣಿಸಿ ಕಿಸೆಗೆ ಇಳಿಸಿದ ಮೇಲೆ ಆತ, “ಎರಡು ವರ್ಷದಿಂದ ಜಾಗಾ ಹಿಡದು ಕುಂತಿದ್ವು, ಪುಣ್ಯಾ ಕಟ್ಕೊಂಡ್ರಿ,” ಅಂದ.

ಈ ಹುಚ್ಚು ಇವತ್ತಿನದಲ್ಲ. ಕೋಲ್ಕತ್ತದ ಸೋನೊಡೈನ್, ಮುಂಬೈಯ ಕಾಸ್ಮಿಕ್ ಇವೆಲ್ಲ ನಾವು ಹುಡುಗರಿದ್ದಾಗ ಉಳ್ಳವರ ಮನೆಯ ಕಿಟಕಿಯ ಸರಳಿಗೆ ಮೂಗು ಹಚ್ಚಿ ಓದಿದ ಹೆಸರುಗಳು. ಒಳಗೆ ಕರೆಯುತ್ತಿರಲಿಲ್ಲ, ಹಾಡು ಮಾತ್ರ ತಾನಾಗಿ ಹೊರಗೆ ಬರುತ್ತಿತ್ತು. ಆಗ ಕೊಳ್ಳಲಾಗದ್ದನ್ನು ಈಗ ಗುಜರಿಯಲ್ಲಿ ಕೊಳ್ಳುವುದು ಒಂದು ಬಗೆಯ ಸೇಡು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರು. ಬಸ್ಸಿನಲ್ಲಿ ಎರಡನ್ನೂ ಕಾಲ ಸಂದಿಯಲ್ಲಿ ಅವುಚಿಕೊಂಡು ಕೂತೆ. ಉಣಕಲ್ ಕೆರೆ ದಾಟುವಷ್ಟರಲ್ಲಿ ಪಕ್ಕದವರು ತಡೆಯಲಾರದೆ ಕೇಳಿಯೇಬಿಟ್ಟರು: “ಯಾವ ಗಣಪತಿದ್ರೀ?” ಹೋಳಿ ಮುಗಿದು ಇನ್ನೂ ವಾರವಾಗಿತ್ತಷ್ಟೇ. ನಮ್ಮ ಅವಳಿ ಊರಿನಲ್ಲಿ ಸ್ಪೀಕರು ಹೊತ್ತವನು ಒಂದೋ ಗಣಪತಿ ಮಂಡಳಿಯವ, ಇಲ್ಲವೇ ಚುನಾವಣೆಯವ. ಮನೆಯಲ್ಲಿ ಕೂತು ಕೇಳಲಿಕ್ಕೆ ಎಂದೆ. ಅವರು ನವಲೂರು ಬರುವವರೆಗೂ ಮತ್ತೆ ನನ್ನ ಕಡೆ ನೋಡಲಿಲ್ಲ.

ಮನೆಯಲ್ಲಿ ಅವ್ವನದು ಒಂದೇ ಪ್ರಶ್ನೆ: “ಒಬ್ಬ ಮನಿಷ್ಯಾ ಹಾಡೂದಕ್ಕ ಎರಡು ಡಬ್ಬಿ ಯಾಕ್ಬೇಕೋ?”

ನಾನು ಸ್ಟೀರಿಯೊದ ಮೇಲೆ ಉಪನ್ಯಾಸ ಕೊಟ್ಟೆ. 1958ರಿಂದ ಜಗತ್ತಿನ ಅಂಗಡಿಗಳಿಗೆ ಸ್ಟೀರಿಯೊ ತಟ್ಟೆಗಳು ಬಂದದ್ದು, ಎಡಗಿವಿಗೆ ಒಂದು, ಬಲಗಿವಿಗೆ ಒಂದು, ನಡುವೆ ಹಾಡುವವರೇ ಬಂದು ಕೂತ ಹಾಗೆ ಆಗುವುದು, ಎಲ್ಲ ಹೇಳಿದೆ. ಅವ್ವ ಮೆಂತೆ ಸೊಪ್ಪು ಸೋಸುತ್ತ ಕೇಳಿ, “ನಡುವ ಕುಂಡ್ರಾಂವಗ ಎರಡೂ ಕಡೆ ಡಬ್ಬಿ,” ಅಂದು ಸುಮ್ಮನಾದಳು.

ಮರುದಿನ ಸ್ಕ್ರೂ ಬಿಚ್ಚಿದೆ. ಎಂಟು ಇಂಚಿನ ವೂಫರಿನ ಸುತ್ತಲ ಫೋಮ್ ಬಳೆಯನ್ನು ಬೆರಳಲ್ಲಿ ಮುಟ್ಟಿದ್ದೇ ತಡ, ಪಂಚಮಿಗೆ ಕಟ್ಟಿದ ಉಂಡಿ ದೀಪಾವಳಿಯವರೆಗೆ ಡಬ್ಬಿಯಲ್ಲಿ ಉಳಿದರೆ ಹೇಗೋ ಹಾಗೆ ಪುಡಿಪುಡಿ ಉದುರಿತು. ಫೋಮಿನ ಹಣೆಬರಹವೇ ಅಷ್ಟು. ಬಾರಿಸಿದರೂ ಬಾರಿಸದಿದ್ದರೂ ತೇವ, ಸೆಕೆ ಕುಡಿದು ಹದಿನೈದಿಪ್ಪತ್ತು ವರ್ಷದಲ್ಲಿ ತಾನೇ ಕೊಳೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ಕೇಳುವುದೇ ಬೇಡ. ಇನ್ನು ಒಳಗಿನ ಜಪಾನ್ ಮಾಲು? ಕೈಹಾಕಿ ಎಳೆದರೆ ಹೊರಬಂದದ್ದು ಹತ್ತಿ. ಹರಿದ ಗಾದಿಯ ಹತ್ತಿ, ಜೊತೆಗೆ ಗಾದಿಯ ಪಟ್ಟೆಪಟ್ಟೆ ಬಟ್ಟೆಯ ಚೂರು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಗಾಜಿನ ನಾರು ತುಂಬಿ, ಬೀರುವಿನಷ್ಟು ದೊಡ್ಡ ಸ್ಪೀಕರಿನ ಖರ್ಜವನ್ನು ಅದರಿಂದ ಹೊರಡಿಸಿ ಹೆಸರು ಮಾಡಿದ. ನಮ್ಮ ಹೆಸರಿಲ್ಲದ ಬಡಿಗ ಗಾದಿ ಬಿಚ್ಚಿ ಅದೇ ಕೆಲಸ ಮಾಡಿದ್ದ. ಅವ್ವ ಒಂದು ಎಸಳು ಹಿಂಜಿ ನೋಡಿ, “ಹತ್ತಿ ಛಲೋ ಐತಿ. ಜಯಧರ ಇರಬೇಕು,” ಅಂದಳು. ಇಡೀ ಖರೀದಿಗೆ ಆಕೆಯಿಂದ ಸಿಕ್ಕ ಮೆಚ್ಚುಗೆ ಇದೊಂದೇ.

ಹೊಸ ಫೋಮ್ ಬಳೆಗಳು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಕೊರಿಯರಿನಲ್ಲಿ ಬಂದವು. ಅಂಟಿಸುವುದು ಸುಲಭ, ನಡುಮಧ್ಯ ನಿಲ್ಲಿಸುವುದೇ ಕಷ್ಟ. ಕೋನಿನ ಬುಡದಲ್ಲಿರುವ ತಂತಿಯ ಸುರುಳಿ ಅಯಸ್ಕಾಂತದ ಸಂದಿಯಲ್ಲಿ ಯಾವ ಕಡೆಗೂ ತಾಗದೆ ಆಡಬೇಕು. ಕೂದಲೆಳೆಯಷ್ಟು ವಾಲಿದರೂ ಹಾಡಿನ ಜೊತೆ ಯಾರೋ ಉಸುಕು ಕೆರೆದ ಸದ್ದು. ಇದಕ್ಕೆ ಬಲ್ಲವರ ಉಪಾಯ: ನಡುವಿನ ಟೊಪ್ಪಿಗೆ ಕತ್ತರಿಸಿ ತೆಗೆದು, ಸಂದಿಗೆ ನಾಲ್ಕು ಫಿಲ್ಮಿನ ಪಟ್ಟಿ ತುರುಕಿ, ಅಂಟು ಒಣಗಿದ ಮೇಲೆ ಎಳೆದುಬಿಡುವುದು. ಫಿಲ್ಮು ಎಲ್ಲಿಂದ ತರಲಿ? ಟ್ರಂಕಿನ ಮೇಲೆ ಎಕ್ಸ್‌ರೇ ಲಕೋಟೆ ಕಂಡಿತು. ಅದು ಅವ್ವನ ಬಲ ಮೊಣಕಾಲು ಎಂದು ಗೊತ್ತಾದದ್ದು ತಿಂಗಳ ನಂತರ, ಡಾಕ್ಟರು “ಹಳೇದು ತಂದೀರೇನು, ಕೂಡಿಸಿ ನೋಡೋಣು” ಎಂದಾಗ. ನಾನು ಕ್ಯಾಲೆಂಡರು ನೋಡುತ್ತ ನಿಂತೆ.

ತಂತಿಯ ದಿಕ್ಕು ಗುರುತಿಸಲು 1.5 ವೋಲ್ಟಿನ ಸೆಲ್ಲು ಸಾಕು. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದರೆ ಕೋನು ಟಕ್ಕನೆ ಮುಂದೆ ಬರುತ್ತದೆ, ತಿರುವಿದರೆ ಹಿಂದೆ ಹೋಗುತ್ತದೆ. ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ಒಂದನ್ನು ನೋಡಿ ಗುರುತು ಹಾಕಿದೆ. ಅಷ್ಟರಲ್ಲಿ ನಮ್ಮಾಕೆ, “ನಾಲ್ಕೂ ಇಪ್ಪತ್ತು ಆಗಿ ಎಷ್ಟ ಹೊತ್ತಾತ್ರೀ, ಇನ್ನೂ ನಾಲ್ಕೂ ಇಪ್ಪತ್ತs ಐತಿ,” ಎನ್ನುತ್ತ ಬಂದು ಸೆಲ್ಲು ಕಸಿದುಕೊಂಡು ಹೋದಳು. ಇನ್ನೊಂದೂ ಹಾಗೇ ಇರುತ್ತದೆ ಬಿಡು, ಜೋಡಿ ತಾನೇ, ಎಂದುಕೊಂಡೆ.

ಉದ್ಘಾಟನೆಗೆ ಎದುರುಮನೆಯ ನಿವೃತ್ತ ಸಂಗೀತ ಮಾಸ್ತರರನ್ನು ಕರೆದೆ. ತಪ್ಪಾದದ್ದು ಅಲ್ಲಿ. ಬೇರೆ ಊರಿನಲ್ಲಿ ನೆರೆಯವರು ಸ್ಪೀಕರಿನ ಬಣ್ಣ ನೋಡಿ ಹೊಗಳಿ ಚಹಾ ಕುಡಿದು ಹೋದಾರು. ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಇದೆ, ಮಲ್ಲಿಕಾರ್ಜುನ ಮನಸೂರರು ಅದರ ಸಂಗೀತ ಸಲಹೆಗಾರರಾಗಿದ್ದವರು. ಇಂಥ ಕಡೆ ಪಾಲಕ ಮಾರುವವರ ಕಿವಿಯೂ ತಯಾರಾಗಿರುತ್ತದೆ. ಹಾಕಿದ್ದು ಗಂಗೂಬಾಯಿ ಹಾನಗಲ್. ಹುಡುಗಿಯಾಗಿ ‘ಗಾಂಧಾರಿ’ ಎಂಬ ಹೆಸರಲ್ಲಿ ತಟ್ಟೆ ಕೊಟ್ಟಾಗಿನ ತೆಳು ದನಿಯಲ್ಲ, ಗಂಟಲ ಬೇನೆಯ ನಂತರ ಬಂದ ಆ ಗಂಡು ದನಿ. ಸ್ಪೀಕರಿನ ಖರ್ಜಕ್ಕೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಮಾಸ್ತರರು ಕಣ್ಣು ಮುಚ್ಚಿದರು. ಅರ್ಧ ನಿಮಿಷಕ್ಕೆ ತೆರೆದರು.

“ಬಾಯಾರು ಮನ್ಯಾಗ ಇಲ್ಲಲ್ರೀ.”

“ಅಂದ್ರ?”

“ದನಿ ಐತಿ, ಹಾಡವ್ರಿಲ್ಲ. ಗ್ವಾಡಿ ಆಚೆ ಎಲ್ಲೋ ಕುಂತು ಹಾಡಿದ್ಹಂಗ ಆಗ್ತೈತಿ. ಹೊಟ್ಟೀನೂ ಇಲ್ಲ ದನಿಗೆ.”

ನನಗೆ ಗಡಿಯಾರ ಕಣ್ಣಿಗೆ ಬಿತ್ತು. ಎದ್ದು ಒಂದು ಪೆಟ್ಟಿಗೆಯ ತಂತಿ ಅದಲುಬದಲು ಮಾಡಿದೆ. ಅದುವರೆಗೆ ಒಂದು ಕೋನು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದು, ಎಡ ದೂಡಿದ ಗಾಳಿಯನ್ನು ಬಲ ನುಂಗುತ್ತಿತ್ತು. ಈಗ ಮಂದ್ರದ ಷಡ್ಜ ನೆಲದಿಂದ ಎದ್ದು ಬಂದು, ಎರಡು ಪೆಟ್ಟಿಗೆಗಳ ನಟ್ಟನಡುವೆ, ಖಾಲಿ ಗೋಡೆಯ ಮುಂದೆ ಗಂಗೂಬಾಯಿ ಕೂತರು. ಅಡುಗೆಮನೆಯಿಂದ ನಮ್ಮಾಕೆ ಲಟ್ಟಣಿಗೆ ಹಿಡಿದುಕೊಂಡೇ ಬಂದು ನಿಂತಳು. ಮಾಸ್ತರರು ಏನೂ ಹೇಳದೆ ತೊಡೆಯ ಮೇಲೆ ತಾಳ ಹಿಡಿದರು.

ಹಾಡು ಮುಗಿದ ಮೇಲೆ ಅವರೇ ಒಂದು ಮಾತು ಹೇಳಿದರು. ಈ ಹಳೆಯ ಧ್ವನಿಮುದ್ರಣಗಳೆಲ್ಲ ಒಂದೇ ಮೈಕಿನವು, ಒಂದೇ ಜಾಡಿನವು, ಸ್ಟೀರಿಯೊ ಅಲ್ಲ. ಎರಡೂ ಡಬ್ಬಿಯಲ್ಲಿ ಬರುವುದು ಅದೇ ದನಿ. ಅವ್ವ ಬಾಗಿಲ ಹತ್ತಿರವೇ ಇದ್ದಳು.

ಅಂದಿನಿಂದ ಮಾಸ್ತರರು ದಿನಾ ಸಂಜೆ ಬರುತ್ತಾರೆ. ಎರಡೂ ಪೆಟ್ಟಿಗೆಗೆ ಸರಿಯಾಗಿ ನಡುವೆ ಕೂಡುವ ಜಾಗ ಒಂದೇ, ಅಲ್ಲಿರುವುದು ಒಂದೇ ಕುರ್ಚಿ, ಅದು ಅವರದು. ನನಗೆ ಅಡುಗೆಮನೆಯ ಹೊಸ್ತಿಲು. ಅಲ್ಲಿಗೆ ಬಲಗಡೆಯ ಡಬ್ಬಿ ಮಾತ್ರ ಕೇಳುತ್ತದೆ.

“ಏನಾರ ಕಡಿಮಿ ಕೇಳಸ್ತೈತೇನು?” ಅಂದಳು ಅವ್ವ ಮೊನ್ನೆ.

“ಇಲ್ಲ.”

“ಹಂಗಾರ ಇನ್ನೊಂದನ್ನ ಹೊಳ್ಳಿ ಕೊಟ್ಟು, ಐದನೂರಾ ಐವತ್ತು ಇಸ್ಕೊಂಡು ಬಾ. ಹತ್ತಿ ಅಷ್ಟು ತೆಕ್ಕೊಂಡು ಕೊಡು.”