ರಾತ್ರೀನ ಹೋಗಿ ಕುಂದ್ರೂನು

ಉಗಾರ ಬುದ್ರುಕದ ಕಡೆ ಅವರಿಗೆ ಒಂದೇ ಹೆಸರಿಲ್ಲ. ಒಂದು ಮನೆಯಲ್ಲಿ ತಾತ್ಯಾ, ಇನ್ನೊಂದರಲ್ಲಿ ಅಣ್ಣಾ, ಮತ್ತೊಂದರಲ್ಲಿ ಕಾಕಾ. ಬಿಳಿ ಟೋಪಿ, ಧೋತರ, ಬಂಡಿಯ ಒಳಕಿಸೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ತಿಕೀಟು, ಆ ಕಿಸೆಗೆ ಎರಡು ಪಿನ್ನು. ಪ್ರಯಾಣದ ಮಾತು ಎದ್ದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಠರಾವು: ‘ರಾತ್ರೀನ ಹೋಗಿ ಕುಂದ್ರೂನು.’ ಹಿಂದೆ ಈ ಠರಾವಿನ ವ್ಯಾಪ್ತಿ ಉಗಾರ ಖುರ್ದದ ಸ್ಟೇಷನ್ನು, ಹೆಚ್ಚೆಂದರೆ ಮಿರಜ್. ಈಗ ವಿಮಾನ ನಿಲ್ದಾಣವೂ ಸೇರಿದೆ.

ನಗುವವರು ಮೊದಲು ಕೃಷ್ಣಾ ದಂಡೆಯಲ್ಲಿ ಒಂದು ಮಳೆಗಾಲ ಕಳೆಯಬೇಕು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಕುಡಚಿ–ಉಗಾರ ಸೇತುವೆ ನೀರಿನಡಿ ಹೋಯಿತು, 2021ರ ಜುಲೈಯಲ್ಲಿ ಮತ್ತೆ ಹೋಯಿತು. ನಿನ್ನೆ ಇದ್ದ ರಸ್ತೆ ಇವತ್ತು ಇರುತ್ತದೆ ಎಂಬ ಭರವಸೆ ಆ ಊರುಗಳಲ್ಲಿ ಯಾರಿಗೂ ಇಲ್ಲ. ಹೊಳೆ ಇಳಿದರೆ ಕಬ್ಬಿನ ಹಂಗಾಮು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಸಿಕ್ಕಿತೆಂದರೆ ಹಾದಿ ಮುಗಿಯುವ ಮಾತೇ ಇಲ್ಲ. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಹುಟ್ಟಿತು. ಆಮೇಲೆ ಸುತ್ತಲಿನ ತಾಲ್ಲೂಕುಗಳಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಗಾಡಿ ಕಾಟಾದ ಮೇಲೆ ಏರುವ ಪಾಳಿ ಯಾವ ಹೊತ್ತಿಗೆ ಬರುತ್ತದೋ ಯಾರಿಗೆ ಗೊತ್ತು? ಗಾಡಿ ಬಿಟ್ಟು ಮನೆಗೆ ಹೋಗಿ ಮಲಗಿದವನ ಪಾಳಿ ತಪ್ಪಿತೆಂದೇ ಲೆಕ್ಕ. ತಾತ್ಯಾಗಳು ಕಾಯುವ ವಿದ್ಯೆ ಕಲಿತದ್ದು ಕಾರ್ಖಾನೆಯ ಅಂಗಳದಲ್ಲಿ, ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು.

ಇಷ್ಟು ವಕಾಲತ್ತು ಸಾಕು. ಈ ಲೇಖಕನ ಪಾಲಿಗೆ ಬಂದ ತಾತ್ಯಾ ಸಂಬಂಧದಲ್ಲಿ ಸೋದರಮಾವ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಅವರಿಗೆ ಸಮ್ಮೇದ ಶಿಖರ್ಜಿ ಯಾತ್ರೆ ಮಾಡುವ ಮನಸ್ಸಾಯಿತು. 24 ತೀರ್ಥಂಕರರಲ್ಲಿ 20 ಮಂದಿ ಮೋಕ್ಷ ಹೊಂದಿದ, ಝಾರ್ಖಂಡದ ಆ ಬೆಟ್ಟಕ್ಕೆ ಹಿಂದಿನವರು ದಿನಗಟ್ಟಲೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಈಗ ಬೆಂಗಳೂರಿನಿಂದ ರಾಂಚಿಗೆ ವಿಮಾನವಿದೆ, ಬೆಂಗಳೂರಿನಲ್ಲಿ ಮಗಳಿದ್ದಾಳೆ, ಜೊತೆಗೆ ಹೋಗಲು ಅಳಿಯನಿದ್ದಾನೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಇಳಿದರು. ವಿಮಾನ ಮರುದಿನ ಬೆಳಗಿನ ಆರಕ್ಕೆ. ಮಗಳು ಹಾಸಿಗೆ ಹಾಸಿಟ್ಟಿದ್ದಳು.

ತಾತ್ಯಾ ಆ ಹಾಸಿಗೆಯ ಮೇಲೆ ತಮ್ಮ ಚೀಲ ಇಟ್ಟರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, ‘ಹೊಂಡೂನೇನು?’ ಎಂದರು.

ಅಳಿಯ ಲೆಕ್ಕ ಹೇಳಿದ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಮುಚ್ಚುವುದು ಹೊರಡುವ ಒಂದು ತಾಸು ಮೊದಲು. ವಾಯು ವಜ್ರ ಬಸ್ಸು ನಡುರಾತ್ರಿಯೂ ಓಡುತ್ತವೆ. ಎರಡಕ್ಕೆ ಎದ್ದರೂ ಬೇಕಾದಷ್ಟು ಹೊತ್ತು ಉಳಿಯುತ್ತದೆ. ತಾತ್ಯಾ ಎಲ್ಲ ಶಾಂತವಾಗಿ ಕೇಳಿದರು. ‘ಎರಡಕ್ಕ ಏಳಬೇಕಂದ್ರ ಮಲಗಿ ಏನ ಮಾಡೂದು?’

ಮಗಳು, ‘ಅಪ್ಪಾ, ಮಂದಿ ಏನಂತಾರ?’ ಎಂದಳು. ಮಂದಿ ಏನೂ ಅನ್ನುವುದಿಲ್ಲ, ವಿಮಾನ ತಪ್ಪಿದರೆ ಮಾತ್ರ ಅನ್ನುತ್ತಾರೆ ಎಂಬುದು ತಾತ್ಯಾರ ಉತ್ತರ. ಪಕ್ಕದ ಊರಿನ ಯಾರೋ ರಾತ್ರಿ ಹನ್ನೆರಡೂವರೆಯ ವಿಮಾನಕ್ಕೆ ತಾರೀಖು ತಪ್ಪಿ ತಿಳಿದು ಮರುದಿನ ರಾತ್ರಿ ಹೋಗಿ ನಿಂತ ಕಥೆಯನ್ನು ಅವರು ದಾರಿಯುದ್ದಕ್ಕೂ ಹೇಳಿದರು. ದಾರಿಯೂ ಉದ್ದವೇ. ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. 2008ರ ಮೇ 24ರಂದು ದೇವನಹಳ್ಳಿಯ ಹತ್ತಿರ ಹೊಸದು ಶುರುವಾದ ಮೇಲೆ ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರ್. ಕೆಂಪೇಗೌಡರ 108 ಅಡಿಯ ಕಂಚಿನ ಮೂರ್ತಿ ಕಂಡಾಗ ಮಾತ್ರ ಕಥೆ ನಿಂತಿತು. ತಾತ್ಯಾ ಕೂತಲ್ಲಿಂದಲೇ ಕೈ ಮುಗಿದರು.

ಎಂಟು ಗಂಟೆಗೆ ಎರಡನೆಯ ಟರ್ಮಿನಲ್ಲಿನ ಮುಂದೆ ನಿಂತಾಗ, ಬಾಗಿಲಲ್ಲಿದ್ದ ಸಿಐಎಸ್‌ಎಫ್ ಜವಾನ ತಿಕೀಟು ನೋಡಿ, ಗಡಿಯಾರ ನೋಡಿ, ತಾತ್ಯಾರ ಮುಖ ನೋಡಿದ. ಇನ್ನೂ ಹೊತ್ತಿದೆ, ಹೊರಗೆ ಕೂಡಿ ಎಂದ. ತಾತ್ಯಾಗೆ ಬೇಕಾಗಿದ್ದೂ ಅದೇ. ಇನ್ನೂ ಹೊತ್ತಿದೆ ಎಂಬುದಕ್ಕಿಂತ ಇಂಪಾದ ಮಾತು ಅವರ ಕಿವಿಗೆ ಬೇರೆ ಇಲ್ಲ.

2022ರ ನವೆಂಬರ್ 11ರಂದು ಉದ್ಘಾಟನೆಯಾದ ಈ ಟರ್ಮಿನಲ್ಲಿಗೆ ತೋಟದೊಳಗಿನ ಟರ್ಮಿನಲ್ ಎಂಬ ಖ್ಯಾತಿ. ಚಾವಣಿಗೆಲ್ಲ ಬಿದಿರು ಹೊದಿಸಿದ್ದಾರೆ. ನಡುರಾತ್ರಿ ಒಳಗೆ ಬಿಟ್ಟಾಗ ತಾತ್ಯಾ ಟೋಪಿ ಹಿಡಿದುಕೊಂಡು ಮೇಲೆ ನೋಡಿದರು. ‘ಇಷ್ಟ ಬಿದರ ಹಚ್ಚ್ಯಾರಲ್ಲ, ಗೆದ್ದಲ ಹತ್ತೂದಿಲ್ಲನು?’ ದೇಶವಿದೇಶದ ಪತ್ರಿಕೆಗಳು ಹೊಗಳಿದ ಚಾವಣಿಯ ಬಗ್ಗೆ ಯಾವ ಪತ್ರಕರ್ತನೂ ಕೇಳದ ಪ್ರಶ್ನೆ ಅದು.

ಯುರೋಪಿಗೆ ಹೊರಟವರ ಪಾಳಿ ಆ ಹೊತ್ತಿನಲ್ಲೂ ಹನುಮಂತನ ಬಾಲದಂತೆ ಬೆಳೆದಿತ್ತು. ಇವರಿಗೇಕೆ ನಡುರಾತ್ರಿಯ ವಿಮಾನ ಎಂದು ತಾತ್ಯಾ ಕೇಳಿದರು. ಫ್ರಾಂಕ್‌ಫರ್ಟಿನಂಥ ಊರಲ್ಲಿ ಜನರ ನಿದ್ದೆ ಕೆಡಬಾರದೆಂದು ರಾತ್ರಿ 11ರಿಂದ ಬೆಳಗಿನ 5ರ ತನಕ ವಿಮಾನ ಓಡಾಟಕ್ಕೆ ನಿರ್ಬಂಧವಿದೆ. ಅಲ್ಲಿ ಬೆಳಿಗ್ಗೆ ಇಳಿಯಬೇಕೆಂದರೆ ಇಲ್ಲಿ ನಡುರಾತ್ರಿ ಏರಬೇಕು ಎಂದು ಅಳಿಯ ವಿವರಿಸಿದ. ‘ಅಂದ್ರ ಅವರ ನಿದ್ದಿ ಸಲುವಾಗಿ ನಮ್ಮ ನಿದ್ದಿ ಕೆಡಸ್ತಾರ’ ಎಂದು ತಾತ್ಯಾ ಪ್ರಕರಣ ಮುಗಿಸಿದರು.

ಅಳಿಯನ ನಿದ್ದೆ ಕೆಡಿಸಲು ಫ್ರಾಂಕ್‌ಫರ್ಟಿನವರು ಬೇಕಾಗಿರಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರೆ ಸಾಕು, ಭುಜದ ಮೇಲೆ ಎರಡು ಬೆರಳು. ‘ಬೋರ್ಡ್ ಮ್ಯಾಲ ನಮ್ಮ ವಿಮಾನ ಬಂತೇನು ನೋಡಪಾ.’ ಇನ್ನೂ ಬಂದಿಲ್ಲ ತಾತ್ಯಾ. ‘ಹಂಗಾರ ರದ್ದ ಆತೇನ?’ ರದ್ದಾಗಿಲ್ಲ, ಹೊತ್ತಾಗಿಲ್ಲ. ಐದು ನಿಮಿಷ ಶಾಂತಿ. ಆಮೇಲೆ ಚೀಲ ಎಣಿಸುವ ಕಾರ್ಯಕ್ರಮ. ಆಮೇಲೆ ಪಿನ್ನು ಬಿಚ್ಚಿ, ಕಿಸೆ ತೆಗೆದು, ತಿಕೀಟಿನ ತಾರೀಖು ಓದಿ, ಅಳಿಯನ ಕೈಯಲ್ಲೂ ಓದಿಸಿ, ಮತ್ತೆ ಪಿನ್ನು. ಬೋರ್ಡಿನಲ್ಲಿ ರಾಂಚಿ ಕಂಡಾಗ ಪ್ರಶ್ನೆ ಬದಲಾಯಿತು: ‘ಹೋಗಿಲ್ಲಲ್ಲ, ಐತೆಲ್ಲ?’

ಸಿಟ್ಟಿನಲ್ಲಿ ಅಳಿಯ ಪ್ಯಾರಿಸಿನ ಕಥೆ ತೆಗೆದ. ಮೆಹ್ರಾನ್ ಕರೀಮಿ ನಾಸೇರಿ ಎಂಬ ಇರಾನಿನವನು ಕಾಗದಪತ್ರದ ತೊಡಕಿನಿಂದ 1988ರಲ್ಲಿ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಕೂತವನು 2006ರ ತನಕ ಅಲ್ಲೇ ಇದ್ದ. 2022ರ ನವೆಂಬರಿನಲ್ಲಿ ಸತ್ತದ್ದೂ ಅದೇ ನಿಲ್ದಾಣದಲ್ಲಿ. ತಾತ್ಯಾರಿಗೆ ನಾಚಿಕೆಯಾಗಲಿ ಎಂಬುದು ಉದ್ದೇಶ. ಅವರು ಬಹಳ ಹೊತ್ತು ಯೋಚಿಸಿದರು. ‘ಹದಿನೆಂಟ ವರ್ಷ! ಅಂವಂದ ವಿಮಾನ ಎಷ್ಟಕ್ಕಿತ್ತ?’

ಎರಡರ ಸುಮಾರಿಗೆ ಬೆರಳು ಬರಲಿಲ್ಲ. ಕಾಯುವ ವಿದ್ಯೆಯ ಬಗ್ಗೆ ಇಷ್ಟೆಲ್ಲ ಬರೆಯುತ್ತಿರುವವನು ಆಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎಚ್ಚರವಾಗಿ ನೋಡಿದರೆ ತಾತ್ಯಾ ದೂರದಲ್ಲಿ, ಟ್ರಾಲಿ ಕೂಡಿಸುವ ಹುಡುಗನೊಬ್ಬನ ಜೊತೆ ಮಾತಿಗೆ ಬಿದ್ದಿದ್ದರು. ಹುಡುಗ ಯಾದಗಿರಿ ಕಡೆಯವನು. ಮನೆಯಲ್ಲಿ ಎಷ್ಟು ಎಕರೆ, ಬೋರಿಗೆ ನೀರು ಎಷ್ಟು, ತಂಗಿಯ ಮದುವೆಗೆ ಎಷ್ಟು ಸಾಲ, ಎಲ್ಲ ಆಗಲೇ ತಾತ್ಯಾರಿಗೆ ಗೊತ್ತಾಗಿತ್ತು. ಕಾರ್ಖಾನೆಯ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತವರು ಹೀಗೆಯೇ ಒಬ್ಬರ ಮನೆ ಇನ್ನೊಬ್ಬರಿಗೆ ಬಿಚ್ಚಿಡುತ್ತಿದ್ದರು. ಎಷ್ಟೋ ಸಂಬಂಧಗಳು ಅಲ್ಲೇ ಕುದುರಿದವು. ಇಲ್ಲಿ ಇಷ್ಟು ಜನ ಒಂದೇ ರಾತ್ರಿಯನ್ನು ಕಾಯುತ್ತಿದ್ದಾರೆ, ಕಿವಿಗಳಲ್ಲೆಲ್ಲ ಬೆಂಡು. ‘ಯಾರೂ ಎಲ್ಲಿಗೆ ಹೊಂಟೀರಿ ಅಂತ ಕೇಳೂದಿಲ್ಲಪಾ’ ಎಂದು ತಾತ್ಯಾ ಬಂದು ಕೂತರು. ಅಳಿಯನಿಗೆ ಹೇಳಲು ಏನೂ ಹೊಳೆಯಲಿಲ್ಲ. ಬೋರ್ಡ್ ನೋಡಿದ.

ಕೌಂಟರಿನಲ್ಲಿ ಕೊಬ್ಬರಿಯ ಗಲಾಟೆ. ಶಿಖರ್ಜಿಯ ಪೂಜೆಗೆಂದು ತಂದ ಒಣಕೊಬ್ಬರಿ ವಿಮಾನಕ್ಕೆ ನಿಷಿದ್ಧ. ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು ಎಂದಳು ಹುಡುಗಿ. ‘ನಮ್ಮ ಮನ್ಯಾಗ ಒಂದಿನಾನೂ ಹೊತ್ತಿಲ್ಲವಾ’ ಎಂದು ತಾತ್ಯಾ ಸಾಕ್ಷಿ ನುಡಿದರು, ಪ್ರಯೋಜನವಾಗಲಿಲ್ಲ. ಕೊಬ್ಬರಿಯ ಚೀಲ ಯಾದಗಿರಿಯ ಹುಡುಗನ ಪಾಲಾಯಿತು. ‘ನೋಡ, ಲಗೂ ಬಂದದ್ದಕ್ಕ ಇದೆಲ್ಲಾ ಸುರಳೀತ ಆತು’ ಎಂಬ ಟಿಪ್ಪಣಿ ಅಳಿಯನ ಪಾಲಾಯಿತು.

ರಾಂಚಿಯಲ್ಲಿ ಮಂಜು ಕವಿದಿದೆ, ವಿಮಾನ ತಡ ಎಂದು ಗೇಟಿನಲ್ಲಿ ಸಾರಿದರು. ಎಲ್ಲರೂ ಗೊಣಗಿದರು, ತಾತ್ಯಾ ಒಬ್ಬರೇ ಅರಳಿದರು. ಹೊತ್ತು ಹುಟ್ಟಿತ್ತು, ಹಿಂದಿನ ಸಂಜೆಯಿಂದ ಏನೂ ತಿನ್ನದವರು ಡಬ್ಬಿ ತೆಗೆದು, ಕಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಅಳಿಯನ ಕೈಗೆ ಕೊಟ್ಟರು. ಆಚೆ ಕುರ್ಚಿಯ ಅಪರಿಚಿತನಿಗೂ ಒಂದು ತುಂಡು ಹೋಯಿತು. ಆತ ಕಿವಿಯ ಬೆಂಡು ತೆಗೆದು ತಿಂದ.

‘ತಿರುಗಿ ಬರೂದು ಎಷ್ಟಕ್ಕಪಾ?’

ಮಧ್ಯಾಹ್ನ ಮೂರಕ್ಕೆ ಎಂದ ಅಳಿಯ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. ತಾತ್ಯಾ ಶಿಖರ್ಜಿ ಬೆಟ್ಟದ ಬುಡದ ಮಧುಬನದಿಂದ ರಾಂಚಿಗೆ ಎಷ್ಟು ತಾಸಿನ ಹಾದಿ, ನಡುವೆ ರೈಲ್ವೆ ಗೇಟು ಎಷ್ಟು ಎಂದು ಆಚೆ ಕುರ್ಚಿಯವನನ್ನು ವಿಚಾರಿಸತೊಡಗಿದರು.