ಟ್ರಿಗರ್ ಮತ್ಸ್ಯ ಪರೀಕ್ಷಾ ಪ್ರಕರಣಂ

ಶಾಸ್ತ್ರಗ್ರಂಥವೆಂದ ಮೇಲೆ ಅದನ್ನು ಓದಲು ಯಾರು ಅಧಿಕಾರಿ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಐನೂರು ಲೀಟರಿನ ಆಸುಪಾಸಿನ ಉಪ್ಪುನೀರಿನ ಟ್ಯಾಂಕ್, ಅದರೊಳಗೆ ಇನ್ನೂ ಜೀವ ಹಿಡಿದುಕೊಂಡಿರುವ ಹವಳ, ಕರೆಂಟ್ ಹೋದಾಗ ಪಂಪು ನಡೆಸುವ ಯುಪಿಎಸ್, ಹಾಗೂ ‘ಇದಕ್ಕೆಲ್ಲ ಎಷ್ಟಾಯಿತು?’ ಎಂದು ಕೇಳುವುದನ್ನೇ ಬಿಟ್ಟಿರುವ ಮನೆಯವರು: ಈ ಸಾಧನಚತುಷ್ಟಯ ಸಂಪನ್ನನೇ ಇಲ್ಲಿ ಅಧಿಕಾರಿ. ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಸಾಕಿದವರು ಪುಟ ತಿರುಗಿಸಬಹುದು.

ವಿಷಯವಾವುದೆಂದರೆ, ಹವಳದ ತಂಟೆಗೆ ಹೋಗದ ಟ್ರಿಗರ್ ಮೀನು ಉಂಟೋ ಇಲ್ಲವೋ ಎಂಬುದು.

ಮೊದಲು ಲಕ್ಷಣ. ಬಾಲಿಸ್ಟಿಡೇ ಕುಲ, ಸುಮಾರು 40 ಪ್ರಭೇದ. ಬೆನ್ನಿನ ಮುಂದಿನ ದಪ್ಪ ಮುಳ್ಳು ಎದ್ದು ನಿಂತಿತೆಂದರೆ ಅದರ ಹಿಂದಿನ ಚಿಕ್ಕ ಮುಳ್ಳು ಬಾಗಿಲಿಗೆ ಅಗುಳಿ ಜಡಿದಂತೆ ಅದನ್ನು ಬಿಗಿಹಿಡಿಯುತ್ತದೆ. ಮುಂದಿನದನ್ನು ಎಷ್ಟು ಒತ್ತಿದರೂ ಬಗ್ಗದು. ಹಿಂದಿನದನ್ನು ಅದುಮಿದರೆ ತಟ್ಟನೆ ಮಡಚಿಕೊಳ್ಳುತ್ತದೆ. ಹೆದರಿದಾಗಲೂ ರಾತ್ರಿ ಮಲಗುವಾಗಲೂ ಈ ಮೀನು ಬಂಡೆಯ ಸಂದಿಗೆ ನುಗ್ಗಿ ಮುಳ್ಳೆತ್ತಿ ಕೂತುಬಿಡುತ್ತದೆ. ಅಂದಮೇಲೆ, ಒಮ್ಮೆ ಒಳಗೆ ಬಿಟ್ಟದ್ದನ್ನು ಹೊರಗೆ ತೆಗೆಯಬೇಕಾದರೆ ವರ್ಷಗಟ್ಟಲೆ ಕೂತು ಜೋಡಿಸಿದ ಬಂಡೆಗಳನ್ನೆಲ್ಲ ಕಳಚಬೇಕು. ಪರೀಕ್ಷೆ ಅಂಗಡಿಯಲ್ಲೇ ಆಗಲಿ ಎಂದು ಈ ಗ್ರಂಥ ಒತ್ತಿ ಹೇಳುವುದು ಇದಕ್ಕೇ.

ಇನ್ನು ಪೂರ್ವಪಕ್ಷ. ‘ಮರಿಯಿದ್ದಾಗಲೇ ತಂದರೆ ಯಾವ ಟ್ರಿಗರ್ ಆದರೂ ಸಾಧುವಾಗುತ್ತೆ ಸಾರ್, ಧೈರ್ಯವಾಗಿ ತಗೊಂಡು ಹೋಗಿ’ ಎಂದು ಅಂಗಡಿಯವರು ಹೇಳುತ್ತಾರೆ. ಇದು ಶಬ್ದಪ್ರಮಾಣ ಎಂಬ ವಾದ. ಖಂಡನೆ ಸುಲಭ. ಆಪ್ತನ ಮಾತು ಮಾತ್ರ ಪ್ರಮಾಣ. ನಮ್ಮ ಜೇಬಿನ ಮೇಲೆ ಕಣ್ಣಿಟ್ಟವನು ಆಪ್ತನಲ್ಲ. ಕ್ಲೌನ್ ಟ್ರಿಗರ್ ಮರಿ ಮೈತುಂಬ ಬಿಳಿ ಚುಕ್ಕೆ ಹೊತ್ತು ಮುದ್ದುಮುದ್ದಾಗಿರುತ್ತದೆ, ಅರ್ಧ ಮೀಟರ್ ಬೆಳೆದ ಮೇಲೆ ಟ್ಯಾಂಕಿನ ಆಸ್ತಿಯೆಲ್ಲ ತನ್ನದೇ ಎನ್ನುತ್ತದೆ. ಅಟ್ಲಾಂಟಿಕ್ಕಿನ ಕ್ವೀನ್ ಟ್ರಿಗರ್ ಬಾಯಿಂದ ನೀರು ಚಿಮ್ಮಿಸಿ, ಮೈಯೆಲ್ಲ ಮುಳ್ಳಾದ ಕಡಲ ಅರ್ಚಿನ್ನನ್ನು ಅಂಗಾತ ಉರುಳಿಸಿ, ಮುಳ್ಳು ಕಡಿಮೆಯಿರುವ ಹೊಟ್ಟೆಗೆ ಬಾಯಿ ಹಾಕುತ್ತದೆ. ಇಷ್ಟು ಯೋಚಿಸಬಲ್ಲ ಜೀವಿಯ ಎದುರು ನಿಮ್ಮ ಎರಡು ಇಂಚಿನ ಕ್ಲೀನರ್ ಸೀಗಡಿ ಯಾವ ಲೆಕ್ಕ? 75 ಸೆಂಟಿಮೀಟರ್ ಬೆಳೆಯುವ ಟೈಟನ್ ಟ್ರಿಗರ್, ಮೊಟ್ಟೆ ಕಾಯುವಾಗ ಮುಳುಗುಗಾರರನ್ನೇ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಅದರ ಸರಹದ್ದು ಮೇಲಕ್ಕೆ ಹೋದಷ್ಟೂ ಅಗಲವಾಗುವುದರಿಂದ ಮೇಲೇಳುವುದು ವ್ಯರ್ಥ, ಪಕ್ಕಕ್ಕೆ ಈಜಬೇಕು. ಪಿಕಾಸೋ ಟ್ರಿಗರ್‌ನ ದಾಯಾದಿಯೊಂದು ಹುಮುಹುಮುನುಕುನುಕುಆಪುಆಆ ಎಂಬ ಹೆಸರಿನಿಂದ 1985ರಲ್ಲಿ ಹವಾಯಿಯ ರಾಜ್ಯಮೀನಾಯಿತು. ಅವಧಿ ಮುಗಿದು ಪದವಿ ಹೋಗಿ, 2006ರಲ್ಲಿ ಕಾಯಂ ಆಗಿ ಮರಳಿತು. ಏಡಿ, ಬಸವನಹುಳುಗಳನ್ನು ಒಡೆದು ತಿನ್ನುವುದನ್ನು ಮಾತ್ರ ಅದು ಅಧಿಕಾರದಲ್ಲಿದ್ದಾಗಲೂ ಬಿಟ್ಟಿರಲಿಲ್ಲ. ಪದವಿಯಿಂದ ಶೀಲವನ್ನು ಅನುಮಾನಿಸಬಾರದೆಂಬುದಕ್ಕೆ ದೃಷ್ಟಾಂತವಿದು. (ಇತರ ದೃಷ್ಟಾಂತಗಳನ್ನು ಗ್ರಂಥವಿಸ್ತಾರಭಯದಿಂದ ಬಿಟ್ಟಿದ್ದೇವೆ.)

ಈಗ ಸಿದ್ಧಾಂತ. ಬಣ್ಣ ನೋಡಬೇಡಿ, ಬಾಯಿ ನೋಡಿ. ಕ್ಸಾಂಥಿಕ್ತಿಸ್ ಗಣದವುಗಳ ಬಾಯಿ ತುಸು ಮೇಲ್ಮುಖ. ಅವು ಬಂಡೆ ಕೆರೆಯದೆ ನಡುನೀರಿನಲ್ಲಿ ತೇಲಿಬರುವ ಪ್ಲವಕ ತಿಂದು ಬದುಕುವಂಥವು. ಇವುಗಳಲ್ಲಿ ಉತ್ತಮೋತ್ತಮ ನೀಲಕಂಠ ಟ್ರಿಗರ್. ಗಂಡಿಗೆ ಗಂಟಲು ನೀಲಿ, ರೆಕ್ಕೆಯಂಚು ಹಳದಿ, ಹೆಣ್ಣಿಗೆ ನೀಲಿಯಿಲ್ಲ. ಜೋಡಿಯಾಗಿಯೂ ಸಾಕಬಹುದು. ಕ್ರಾಸ್‌ಹ್ಯಾಚ್ ಕೂಡ ಇದೇ ಗೋತ್ರ, ಬೆಲೆ ಕೇಳಿ ಕೈಮುಗಿದು ಬರುವುದು ಶ್ರೇಯಸ್ಕರ. ಪಿಂಕ್‌ಟೇಲ್ ಮಧ್ಯಮ.

ಸಂದಿಗ್ಧಕೋಟಿಯಲ್ಲಿ ಉಳಿಯುವುದು ನೈಜರ್ ಟ್ರಿಗರ್, ಅಂದರೆ ಓಡೋನಸ್ ನೈಜರ್. ನೀಲಿ ಮೈ, ಕೆಂಪು ಹಲ್ಲು. ಹವಳಕ್ಕೆ ಸಾಮಾನ್ಯವಾಗಿ ಬಾಯಿ ಹಾಕದು, ಸೀಗಡಿಯ ಬಗ್ಗೆ ಭರವಸೆ ಕೊಡದು, ಬೆಳೆದರೆ ಅರ್ಧ ಮೀಟರ್. ಭಾಷ್ಯಕಾರರನ್ನು ಕಂಗೆಡಿಸುವ ಸಂಗತಿ ಬೇರೆಯೇ ಇದೆ. ಬೆಂಗಳೂರಿನ ಅಂಗಡಿಯಲ್ಲಿ ಒಂದೊಂದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಮಗುವಿನ ಹಾಗೆ ಕೈಗಿಡುವ ಈ ಮೀನೇ ಮಲ್ಪೆ ಬಂದರಿನಲ್ಲಿ ‘ಕಾರ್ಗಿಲ್’ ಎಂಬ ಹೆಸರಿನಿಂದ ಟ್ರಾಲ್ ಬೋಟುಗಳಿಂದ ರಾಶಿರಾಶಿಯಾಗಿ ಇಳಿದು, ಲಾರಿ ಹತ್ತಿ, ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಹಿಟ್ಟಾಗಿ, ಸಾಕುಮೀನಿನ ಆಹಾರಕ್ಕೆ ಸೇರುತ್ತದೆ. ನಿಮ್ಮ ಟ್ಯಾಂಕಿನ ನೈಜರ್ ತಿನ್ನುವ ಗುಳಿಗೆಯಲ್ಲಿ ಅದರ ಸ್ವಂತ ಅಣ್ಣನೇ ಇದ್ದರೆ ಅದು ಸೂತಕವೋ ಪ್ರಸಾದವೋ ಎಂಬುದು ಧರ್ಮಶಾಸ್ತ್ರಿಗಳಿಗೆ ಬಿಟ್ಟದ್ದು.

ವಿಧಿಗಳು ಸಂಕ್ಷೇಪವಾಗಿ: ಸೀಗಡಿ ಮೊದಲು ಮನೆ ಸೇರಲಿ, ಟ್ರಿಗರ್ ಕೊನೆಗೆ; ಆಗ ಅದು ಸೀಗಡಿಯನ್ನು ಊಟವೆನ್ನದೆ ಹಳೆಯ ಬಾಡಿಗೆದಾರನೆಂದು ಭಾವಿಸುವ ಸಂಭವವುಂಟು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ತುಂಬಿಸಿ. ಟ್ಯಾಂಕಿಗೆ ಬಲೆಯ ಮುಚ್ಚಳ ಬೇಕು, ಇವು ಹಾರುತ್ತವೆ. ರೋಗ ಬಂದರೆ ತಾಮ್ರದ ಔಷಧ ಹವಳದ ಟ್ಯಾಂಕಿಗೆ ನಿಷಿದ್ಧ. ಬೇರೆ ತೊಟ್ಟಿಯಲ್ಲಿ ಹಾಕಿ.

ಇಷ್ಟಾದರೂ ನೀಲಕಂಠವೂ ಒಂದು ದಿನ ಸೀಗಡಿಯ ಮೀಸೆ ಎಳೆಯಬಹುದು. ಸೀಗಡಿಗೆ ಹೆಸರಿಟ್ಟು ಕರೆಯುವವರು ದಯವಿಟ್ಟು ಟ್ರಿಗರ್ ತರಬೇಡಿ.