ಪ್ರೊಜೆಕ್ಟರಿನ ಅಭಾವ ವಿಚಾರ: ಭಾವೀ ಶಿಕ್ಷಕರ ತಂತ್ರಜ್ಞಾನ ಚಿಂತನೆಯ ಶಾಸ್ತ್ರೀಯ ವಿವೇಚನೆ

ಯಾವ ಶಾಸ್ತ್ರಗ್ರಂಥವಾದರೂ ಆರಂಭದಲ್ಲಿಯೇ ಅನುಬಂಧ ಚತುಷ್ಟಯವನ್ನು, ಅಂದರೆ ವಿಷಯ, ಪ್ರಯೋಜನ, ಅವುಗಳ ಸಂಬಂಧ ಮತ್ತು ಗ್ರಂಥವನ್ನು ಓದಲು ಅರ್ಹನಾದ ಅಧಿಕಾರಿ ಎಂಬ ನಾಲ್ಕನ್ನು, ನಿರೂಪಿಸಬೇಕೆಂಬುದು ಪ್ರಾಚೀನರ ಕಟ್ಟಳೆಯಾದ್ದರಿಂದ ಪ್ರಸ್ತುತ ಪ್ರಬಂಧವೂ ಅದನ್ನು ಮೀರುವಂತಿಲ್ಲ. ಇಲ್ಲಿ ವಿಷಯವು ತರಗತಿಯಲ್ಲಿ ತಂತ್ರಜ್ಞಾನದ ಬಳಕೆ, ಪ್ರಯೋಜನವು ಆಂತರಿಕ ಅಂಕ, ಸಂಬಂಧವು, ಬಳಕೆಯಾಗಲಿ ಆಗದಿರಲಿ ಅಂಕ ಬರಲೇಬೇಕೆಂಬ ನಿತ್ಯಸಂಬಂಧ, ಅಧಿಕಾರಿಗಳೆಂದರೆ ಬಿ.ಇಡಿ. ಓದುತ್ತಿರುವವರು. ಇವರನ್ನು ಕಾಲೇಜಿನ ಕಾಗದಪತ್ರಗಳು ಪ್ರಶಿಕ್ಷಣಾರ್ಥಿಗಳೆಂದೂ, ಅಭ್ಯಾಸ ಬೋಧನೆಗೆ ಹೋದ ಶಾಲೆಯ ಮಕ್ಕಳು ‘ಬಿಎಡ್ ಸಾರು, ಬಿಎಡ್ ಮಿಸ್ಸು’ ಎಂದೂ, ನೆಂಟರಿಷ್ಟರು ‘ಇನ್ನೂ ಓದ್ತಾನೇ ಇದಾರೆ’ ಎಂದೂ ವ್ಯವಹರಿಸುವರು. ಮೂರೂ ಒಂದೇ ಪದಾರ್ಥದ ಪರ್ಯಾಯ ನಾಮಗಳೆಂದು ತಿಳಿಯತಕ್ಕದ್ದು.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಫಲವಾಗಿ, ಅದುವರೆಗೆ ಒಂದು ವರ್ಷದಲ್ಲಿ ಮುಗಿಯುತ್ತಿದ್ದ ಬಿ.ಇಡಿ. ಎರಡು ವರ್ಷಕ್ಕೆ ಬೆಳೆಯಿತು. ಆ ಬೆಳವಣಿಗೆಯಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶಾತ್ಮಕವಾಗಿ ತಿಳಿಯುವ ಒಂದು ಪತ್ರಿಕೆಗೂ, ತನ್ನನ್ನು ತಾನು ಅರಿತುಕೊಳ್ಳುವ ಮತ್ತೊಂದು ಪತ್ರಿಕೆಗೂ ಅಕ್ಕಪಕ್ಕದಲ್ಲಿ ಸ್ಥಾನ ದೊರೆಯಿತು. ಋಷಿಗಳು ಜನ್ಮಾಂತರಗಳನ್ನು ವೆಚ್ಚ ಮಾಡಿದ ಎರಡನೆಯದನ್ನು ಇಂದಿನ ಪ್ರಶಿಕ್ಷಣಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮುಗಿಸಿ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವರಾದರೂ, ಮೊದಲನೆಯದು ಮಾತ್ರ ಅಷ್ಟು ಸುಲಭವಾಗಿ ಕೈಗೆ ಹತ್ತುವುದಿಲ್ಲ. ಏಕೆಂದರೆ ಆತ್ಮಕ್ಕೆ ಕೇಬಲ್ ಬೇಕಿಲ್ಲ.

ತಂತ್ರಜ್ಞಾನದ ಇತಿಹಾಸವನ್ನು ಪರಿಶೀಲಿಸಿದರೆ ಒಂದು ನಿಯಮ ಗೋಚರಿಸುತ್ತದೆ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿಯಲಿದೆ, ಇನ್ನು ಚಲಚ್ಚಿತ್ರವೇ ಕಲಿಸುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲಿ ಭವಿಷ್ಯ ನುಡಿದನು. ಅವನು ಸ್ವತಃ ಚಲಚ್ಚಿತ್ರ ಯಂತ್ರಗಳ ವ್ಯಾಪಾರಿಯಾಗಿದ್ದನೆಂಬುದು ಕೇವಲ ಕಾಕತಾಳೀಯ. ಬಳಿಕ ರೇಡಿಯೊ ಬಂದಿತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಇಳಿಯಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದನ್ನು ಕಂಡವು, ವರ್ಷ ತುಂಬಿದೊಡನೆ ಉಪಗ್ರಹವು ತನ್ನ ಒಡೆಯರ ಕೆಲಸಕ್ಕೆ ಹಿಂದಿರುಗಿತು. 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಬಿಬಿಸಿ ಮೈಕ್ರೊ ಎಂಬ ಗಣಕಗಳು ದೇಶದ ಆಯ್ದ ಶಾಲೆಗಳಿಗೆ ಬಂದವು. ಅದಾದ ಮೂರು ವರ್ಷಕ್ಕೆ, 1987ರಲ್ಲಿ, ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಮತ್ತು ಕಪ್ಪು ಹಲಗೆಯೇ ಮೊದಲಾದ ಸಲಕರಣೆಗಳನ್ನು ಒದಗಿಸುವ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಆರಂಭವಾಯಿತು. ಗಣಕದ ನಂತರ ಕಪ್ಪು ಹಲಗೆ ಎಂಬ ಈ ಕಾಲಾನುಕ್ರಮವು ಮುದ್ರಣದೋಷವಲ್ಲ. ಇತಿಹಾಸದಲ್ಲಿ ಕಾರಣವು ಕಾರ್ಯಕ್ಕಿಂತ ಮೊದಲಿರಬೇಕೆಂಬ ತಾರ್ಕಿಕರ ಹಟಕ್ಕೆ ಯೋಜನಾಲೋಕವು ಎಂದೂ ಮಣಿದಿಲ್ಲ.

2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, 2017ರಲ್ಲಿ ದೀಕ್ಷಾ ಎಂಬ ಜಾಲತಾಣ ಬಂದಿತು. ಎಡಿಸನ್ ಅಳಿಸಹೊರಟ ಪಠ್ಯಪುಸ್ತಕದ ಪುಟಗಳಲ್ಲಿಯೇ ಆ ಬಳಿಕ ಕ್ಯೂಆರ್ ಕೋಡ್ ಎಂಬ ಚೌಕಾಕೃತಿ ಅಚ್ಚಾಯಿತು. ಶಾಲೆಗೆ ಮೊಬೈಲ್ ತರಕೂಡದೆಂಬ ನಿಯಮ ಇರುವಲ್ಲಿ ಮಕ್ಕಳು ಆ ಚೌಕವನ್ನು ದೇವರ ಕೋಣೆಯ ತಾಮ್ರದ ಯಂತ್ರದಂತೆ ಕೇವಲ ದರ್ಶನದಿಂದಲೇ ಫಲ ಕೊಡುವ ವಸ್ತುವೆಂದು ಭಾವಿಸುವರು. ಹೀಗೆ ಪುಸ್ತಕವನ್ನು ಅಳಿಸಲು ಬಂದ ಪ್ರತಿಯೊಂದು ಉಪಕರಣವೂ ತನ್ನೊಡನೆ ಕೈಪಿಡಿಯೆಂಬ ಒಂದು ಹೊಸ ಪುಸ್ತಕವನ್ನು ತಂದಿದೆ ಎಂಬುದೇ ಮೇಲೆ ಹೇಳಿದ ನಿಯಮ.

ಭಾವೀ ಶಿಕ್ಷಕರ ಚಿಂತನೆಗೆ ತಾತ್ತ್ವಿಕ ತಳಹದಿ ಒದಗಿಸುವುದು ಶಿಕ್ಷಣತಜ್ಞ ಎಡ್ಗರ್ ಡೇಲನ ಅನುಭವ ಶಂಕು. 1946ರ ತನ್ನ ಗ್ರಂಥದಲ್ಲಿ ಡೇಲನು ನೇರ ಅನುಭವವನ್ನು ತಳದಲ್ಲಿಯೂ ಬರಿಯ ಮಾತನ್ನು ತುದಿಯಲ್ಲಿಯೂ ಇರಿಸಿ, ನಡುವೆ ಪ್ರಾತ್ಯಕ್ಷಿಕೆ, ಪ್ರವಾಸ, ಚಲಚ್ಚಿತ್ರ, ಚಿತ್ರ ಮೊದಲಾದವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಆಕೃತಿಗೆ ಆ ಹೆಸರು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಮಾಡಿದ್ದರಲ್ಲಿ ಶೇ. 90 ನೆನಪುಳಿಯುತ್ತದೆ ಎಂಬ ಅಂಕಿಗಳು ಇಂದು ಆ ಶಂಕುವಿನ ಪಕ್ಕದಲ್ಲಿ ಎಲ್ಲ ನೋಟ್ಸುಗಳಲ್ಲಿಯೂ ಕಾಣಸಿಗುವುವು. ಡೇಲನು ಇಂಥ ಒಂದು ಅಂಕಿಯನ್ನೂ ಕೊಟ್ಟಿರಲಿಲ್ಲ. ಇವು ಬೇರೆಯವರು ಆಮೇಲೆ ಅಂಟಿಸಿದವು. ಮನುಷ್ಯನ ನೆನಪು ಹತ್ತರ ಮಗ್ಗಿಯನ್ನು ಇಷ್ಟು ವಿಧೇಯತೆಯಿಂದ ಪಾಲಿಸುವುದು ಅನುಮಾನಕ್ಕೆ ಎಡೆಮಾಡಬೇಕಿತ್ತು, ಮಾಡಲಿಲ್ಲ. ಓದಿದ್ದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಉಳಿಯುವುದೆಂಬ ಈ ವಾಕ್ಯವನ್ನು ಬರಿಯ ಓದಿನಿಂದಲೇ ಕಲಿತ ಪ್ರಶಿಕ್ಷಣಾರ್ಥಿಗಳಿಗೆ ಅದು ಒಂದಕ್ಷರವೂ ತಪ್ಪದೆ ನೆನಪಿರುವುದು ಸಿದ್ಧಾಂತಕ್ಕೆ ಬಾಧಕವಾಗುವುದಿಲ್ಲವೇ ಎಂದು ಪೂರ್ವಪಕ್ಷಿಗಳು, ಎಂದರೆ ಆಕ್ಷೇಪ ಎತ್ತುವವರು, ಕೇಳಬಹುದು. ಅದು ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಾದ್ದರಿಂದ ಅಪವಾದವೆಂದು ಸಮಾಧಾನ.

ಶಂಕುವಿನ ಪ್ರಯೋಗಕ್ಕೆ ಏಳನೆಯ ತರಗತಿಯ ‘ಸಸ್ಯಗಳಲ್ಲಿ ಪೋಷಣೆ’ ಪಾಠವು ಉತ್ತಮ ನಿದರ್ಶನ. ಎಲೆಯ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಲು ಕತ್ತಲೆ ಬೇಕು. ಕತ್ತಲೆಗಾಗಿ ಕಿಟಕಿ ಮುಚ್ಚಬೇಕು. ಕದವಿಲ್ಲದ ಕಿಟಕಿಗೆ ರಟ್ಟನ್ನೋ ಹಳೆಯ ಬ್ಯಾನರನ್ನೋ ಕಟ್ಟಬೇಕು. ಕಿಟಕಿಯ ಹೊರಗೆ ಕೈಗೆಟಕುವಂತೆ ನಿಂತ ಹೊಂಗೆಯ ಮರವು ಆ ಬ್ಯಾನರಿನಿಂದ ಮರೆಯಾದ ಮೇಲೆ ಪಾಠ ಆರಂಭವಾಗುತ್ತದೆ. ಶಂಕುವಿನ ತಳದಲ್ಲಿದ್ದುದನ್ನು ಮರೆಮಾಡಿ ನಡುವಿನದನ್ನು ಬೆಳಗಿಸುವ ಈ ಕ್ರಿಯೆಗೆ ಪಾಠಯೋಜನೆಯಲ್ಲಿ ‘ನೇರ ಅನುಭವ ಒದಗಿಸಲಾಯಿತು’ ಎಂದು ಬರೆಯುವುದು ರೂಢಿ. ಎಲೆ ಕೀಳಬಾರದೆಂಬ ಪರಿಸರ ಸಂರಕ್ಷಣೆಯ ಮೌಲ್ಯವೂ ಇದರಿಂದ ಸಾಧಿತವಾಗುವುದೆಂದು ನವೀನರ ಮತ.

ಇನ್ನು ಪ್ರಬಂಧದ ಮುಖ್ಯ ಪ್ರಕರಣ. ಇರುವ ವಸ್ತುವಿನಂತೆ ಇಲ್ಲದಿರುವಿಕೆಯೂ ಒಂದು ಪದಾರ್ಥವೆಂದು ಒಪ್ಪಿ, ಅದನ್ನು ಏಳನೆಯದಾಗಿ ಎಣಿಸಿ, ನಾಲ್ಕು ಬಗೆಯಾಗಿ ವಿಂಗಡಿಸಿದ ಕೀರ್ತಿ ನಮ್ಮ ನ್ಯಾಯ ವೈಶೇಷಿಕರದು; ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದ ಬಾಲಕರಿಗೂ ಇದು ತಿಳಿದಿರುವುದು. ಪಾಶ್ಚಾತ್ಯ ಶಿಕ್ಷಣ ತಂತ್ರಜ್ಞರು ಉಪಕರಣಗಳ ಭಾವವನ್ನಷ್ಟೇ, ಎಂದರೆ ಇರುವಿಕೆಯನ್ನಷ್ಟೇ, ಚರ್ಚಿಸಿದುದರಿಂದ ಅವರ ಗ್ರಂಥಗಳು ನಮ್ಮ ತರಗತಿಯ ಬಾಗಿಲಲ್ಲಿಯೇ ನಿಂತುಬಿಡುತ್ತವೆ. ಪ್ರೊಜೆಕ್ಟರನ್ನು ಅರಿಯಲು ಬೇಕಾದುದು ಅಭಾವ ವಿಚಾರ.

ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆಯು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಆದರೆ ಅಂತ್ಯವುಂಟು. ಬೇಡಿಕೆಪಟ್ಟಿ ಮೇಲಕ್ಕೆ ಹೋಗಿದ್ದು, ಅನುದಾನ ಮಂಜೂರಾಗಿದ್ದು, ವಸ್ತು ಮಾತ್ರ ಬಂದಿರದ ಸ್ಥಿತಿ ಇದು. ಇದಕ್ಕೆ ಅಂತ್ಯವುಂಟೆಂಬುದು ಶಾಸ್ತ್ರವಾಕ್ಯವಾದ್ದರಿಂದ ನಂಬತಕ್ಕದ್ದು. ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆಯು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಪ್ರೊಜೆಕ್ಟರಿನ ದೀಪ ಸುಟ್ಟುಹೋದುದು, ಯುಪಿಎಸ್ಸಿನ ಬ್ಯಾಟರಿ ಉಬ್ಬಿ ನಿಂತುದು ಇದಕ್ಕೆ ಉದಾಹರಣೆ. ದೀಪವನ್ನು ಹೊಸದಾಗಿ ಹಾಕಿಸಿದರೆ ಅಂತ್ಯವಾಗುವುದಲ್ಲವೇ ಎಂದರೆ, ಹಾಗೆ ಹಾಕಿಸಲು ಯಾವ ಲೆಕ್ಕಶೀರ್ಷಿಕೆಯಲ್ಲಿ ಖರ್ಚು ತೋರಿಸಬೇಕೆಂಬುದು ಅನಿರ್ಣೀತವಾದ್ದರಿಂದ ಅನಂತತ್ವಕ್ಕೆ ಹಾನಿಯಿಲ್ಲ. ಮೂರು ಕಾಲಗಳಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ವಾಯುವಿನಲ್ಲಿ ರೂಪವಿಲ್ಲವೆಂಬುದನ್ನು ಶಾಸ್ತ್ರಕಾರರು ಇಲ್ಲಿ ಹೇಳುವರು. ಮಲೆನಾಡಿನ ಕಣಿವೆಯ ಶಾಲೆಗಳಲ್ಲಿ ನೆಟ್‌ವರ್ಕ್ ಇಲ್ಲವೆಂಬುದನ್ನೂ ಸೇರಿಸಬಹುದು. ಆದರೆ ಅಂಥ ಶಾಲೆಯ ಹಿಂದಿನ ದಿಬ್ಬದ ಮೇಲೆ, ನಿರ್ದಿಷ್ಟ ಬಂಡೆಯ ಮೇಲೆ, ಫೋನನ್ನು ಎತ್ತಿ ಹಿಡಿದಾಗ ಎರಡು ಕಡ್ಡಿ ಕಾಣಿಸುವುದುಂಟು. ಆದುದರಿಂದ ಅದು ಅತ್ಯಂತಾಭಾವವಲ್ಲ, ಸ್ಥಳವಿಶೇಷಕ್ಕೆ ಕಟ್ಟುಬಿದ್ದ ಅಭಾವವೆಂದು ಆ ಭಾಗದ ಶಿಕ್ಷಕರು ಸೂಕ್ಷ್ಮವಾಗಿ ಭೇದ ಕಲ್ಪಿಸಿದ್ದಾರೆ.

ಎಲ್ಲಕ್ಕಿಂತ ಗಹನವಾದುದು ಅನ್ಯೋನ್ಯಾಭಾವ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂಬಂತೆ ಒಂದರಲ್ಲಿ ಇನ್ನೊಂದರ ತಾದಾತ್ಮ್ಯವಿಲ್ಲದಿರುವುದಕ್ಕೆ ಈ ಹೆಸರು. ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪ್ ಇದೆ, ಕರೆಂಟೂ ಇದೆ. ಆದರೆ ಪ್ರೊಜೆಕ್ಟರಿನಲ್ಲಿರುವುದು ವಿಜಿಎ ರಂಧ್ರ, ಲ್ಯಾಪ್‌ಟಾಪಿನಲ್ಲಿರುವುದು ಎಚ್‌ಡಿಎಂಐ ರಂಧ್ರ. ವಿಜಿಎ ಎಚ್‌ಡಿಎಂಐ ಅಲ್ಲ, ಎಚ್‌ಡಿಎಂಐ ವಿಜಿಎ ಅಲ್ಲ. ಎಲ್ಲ ಭಾವಪದಾರ್ಥಗಳೂ ಪೂರ್ಣವಾಗಿದ್ದು ಪಾಠ ಮಾತ್ರ ನಡೆಯದಿರುವ ಈ ಸ್ಥಿತಿಯನ್ನು ಕಂಡಿದ್ದರೆ ನವ್ಯನ್ಯಾಯದ ಪಂಡಿತರು ಇನ್ನೊಂದು ಸಂಪುಟ ಬರೆಯುತ್ತಿದ್ದರು. ಎರಡನ್ನೂ ಕೂಡಿಸುವ ಪರಿವರ್ತಕವೊಂದು ಉಂಟು. ಅದು ಸಾಮಾನ್ಯವಾಗಿ ಆ ದಿನ ರಜೆಯಲ್ಲಿರುವ ಅಧ್ಯಾಪಕರ ಬೀರುವಿನಲ್ಲಿರುತ್ತದೆ. ಸೂಕ್ಷ್ಮ ಬೋಧನೆಯ ಒಂದು ಆವರ್ತಕ್ಕೆ, ಅಂದರೆ ಒಂದೇ ಕೌಶಲವನ್ನು ಕಿರಿದಾಗಿ ಅಭ್ಯಾಸ ಮಾಡುವ ಚಕ್ರಕ್ಕೆ, ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6 ಎಂದು ಒಟ್ಟು 36 ನಿಮಿಷ ನಿಗದಿಯಾಗಿದೆ. ಕೇಬಲ್ ಹುಡುಕುವ ಅವಧಿಯನ್ನು ಅದರಲ್ಲಿ ಎಣಿಸಿಲ್ಲವಾದ್ದರಿಂದ, ಎಂಟನೆಯ ತರಗತಿಯ ಮಕ್ಕಳಂತೆ ನಟಿಸುತ್ತ ಕುಳಿತ ಸಹಪಾಠಿಗಳು ಆ ವೇಳೆಯಲ್ಲಿ ನಟನೆಯಿಲ್ಲದೆಯೇ ಎಂಟನೆಯ ತರಗತಿಯ ಮಕ್ಕಳಾಗುವರು.

ಕೇಬಲ್ ದೊರೆತು ಪರದೆ ಬೆಳಗಿತೆಂದೇ ಇಟ್ಟುಕೊಂಡರೆ ಮುಂದಿನ ಸಮಸ್ಯೆ ಖ್ಯಾತಿವಾದಕ್ಕೆ, ಎಂದರೆ ಭ್ರಮೆಯಲ್ಲಿ ಕಾಣುವುದೇನು ಎಂಬ ಚರ್ಚೆಗೆ, ಸಂಬಂಧಿಸಿದ್ದು. ಮನೆಯ ಗಣಕದಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ‘ದ್ಯುತಿಸಂಶ್ಲೇಷಣೆ’ಯು, ಆ ಫಾಂಟ್ ಇಲ್ಲದ ಶಾಲೆಯ ಗಣಕದಲ್ಲಿ, ತಲೆಯ ಮೇಲೆ ಕೊಂಬು ಬಾಲಗಳಿರುವ ರೋಮನ್ ಅಕ್ಷರಗಳ ಸಾಲಾಗಿ ತೋರುತ್ತದೆ. ಒಂದು ವಸ್ತು ಇನ್ನೊಂದಾಗಿ ತೋರುವುದರಿಂದ ಇದು ಅನ್ಯಥಾಖ್ಯಾತಿಯೆಂದು ನೈಯಾಯಿಕರು ಹೇಳಿಯಾರು. ಇದೆಯೆಂದೂ ಇಲ್ಲವೆಂದೂ ಹೇಳಲಾಗದ್ದರಿಂದ ಅನಿರ್ವಚನೀಯ ಖ್ಯಾತಿಯೆಂದು ಅದ್ವೈತಿಗಳು ವಾದಿಸಿಯಾರು. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುವ ಮೇಲ್ವಿಚಾರಕರು ಅದನ್ನು ಓದಲಾರದೆ ‘ಉತ್ತಮ ಪ್ರಯತ್ನ’ ಎಂದಷ್ಟೇ ಬರೆಯುವುದರಿಂದ ಅದ್ವೈತ ಪಕ್ಷವೇ ಬಲವಾದುದು. ಯುನಿಕೋಡ್ ಬಳಸಿದರೆ ಭ್ರಮೆಯೇ ಹುಟ್ಟದೆಂಬ ಸರಳ ಪರಿಹಾರವು ಬಹುಕಾಲದಿಂದ ಇದ್ದರೂ ಅದು ದರ್ಶನಗಳ ಚರ್ಚೆಯನ್ನು ನಿಲ್ಲಿಸುವುದರಿಂದ ವಿದ್ವಾಂಸರಿಗೆ ಪ್ರಿಯವಲ್ಲ.

ಇಷ್ಟೆಲ್ಲ ಅಭಾವಗಳ ನಡುವೆ ತಂತ್ರಜ್ಞಾನ ಬಳಕೆಯ ರೆಕಾರ್ಡ್ ಮಾತ್ರ ಎಲ್ಲೆಡೆಯೂ ತುಂಬಿ ತುಳುಕುವುದು ಹೇಗೆ? ಇದಕ್ಕೆ ಮೀಮಾಂಸಕರ ಅರ್ಥಾಪತ್ತಿ ಪ್ರಮಾಣವನ್ನು ಆಶ್ರಯಿಸಬೇಕು. ದೇವದತ್ತನು ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ. ಹಾಗಾದರೆ ಅವನು ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಬೇರೆ ದಾರಿಯಿಲ್ಲ ಎಂಬುದು ಆ ಪ್ರಮಾಣದ ಪ್ರಸಿದ್ಧ ಉದಾಹರಣೆ. ಪ್ರಕೃತದಲ್ಲಿ ರೆಕಾರ್ಡ್ ದಪ್ಪಗಿದೆ, ಹಗಲಿನಲ್ಲಿ ಪ್ರೊಜೆಕ್ಟರ್ ಉರಿಯಲಿಲ್ಲ; ಆದ್ದರಿಂದ ರೆಕಾರ್ಡ್ ರಾತ್ರಿ ಬರೆಯಲ್ಪಟ್ಟಿದೆ. ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಅನುಮಾನದಲ್ಲಿ ಸೇರಿಸುವ ನೈಯಾಯಿಕರಿಗೂ ಫಲದಲ್ಲಿ ಭೇದವಿಲ್ಲ. ಆ ರೆಕಾರ್ಡಿನಲ್ಲಿ ಪಿಪಿಟಿಯ ಪುಟಗಳನ್ನು ಬಣ್ಣದಲ್ಲಿ ಮುದ್ರಿಸಿ ಅಂಟಿಸಿರುತ್ತದೆ. ಪರದೆಯ ಮೇಲೆ ಬೆಳಗಬೇಕಿದ್ದ ವಸ್ತು ಮರುಜನ್ಮದಲ್ಲಿ ಕಾಗದವಾಗುತ್ತದೆ. ಜೊತೆಗೆ ಒಂದು ಛಾಯಾಚಿತ್ರವಿರಬೇಕು. ಅದರಲ್ಲಿ ಪ್ರಶಿಕ್ಷಣಾರ್ಥಿಯು ಪರದೆಯತ್ತ ಕೈ ತೋರುತ್ತಿರಬೇಕು, ಮಕ್ಕಳು ಕ್ಯಾಮೆರಾದತ್ತ ನೋಡುತ್ತಿರಬೇಕು. ವಸ್ತುತಃ ತರಗತಿಯಲ್ಲಿ ತಪ್ಪದೆ ಬಳಕೆಯಾಗುವ ತಂತ್ರಜ್ಞಾನವೆಂದರೆ ಈ ಚಿತ್ರ ತೆಗೆದ ಫೋನೊಂದೇ. ಮಗುವಿಗೆ ಕಾಣಲೆಂದು ತಂದ ಯಂತ್ರವನ್ನು, ಮಗುವಿಗೆ ಕಾಣಿಸಿದ್ದೆಂದು ಇನ್ನೊಬ್ಬರಿಗೆ ಕಾಣಿಸುವ ಯಂತ್ರವು ನುಂಗಿಬಿಟ್ಟಿದೆ; ಭಾವೀ ಶಿಕ್ಷಕರು ಎರಡು ವರ್ಷಗಳಲ್ಲಿ ಕಲಿಯುವ ವಿದ್ಯೆಯ ಹುರುಳು ಇದೇ ಎಂದು ಈ ಪ್ರಬಂಧದ ಅಭಿಪ್ರಾಯ.

ಈ ವಿದ್ಯೆ ವ್ಯರ್ಥವಾಗುವುದಿಲ್ಲ. ನೇಮಕಾತಿಯ ಪ್ರಾಗಭಾವವನ್ನು ಕಳೆದು ಶಿಕ್ಷಕರಾದವರಿಗೆ ಹಾಜರಾತಿ, ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ದಿನಾಚರಣೆಗಳ ಫೋಟೊ ಇವೆಲ್ಲವನ್ನೂ ಫೋನಿನಲ್ಲಿ ತುಂಬುವ ಕರ್ತವ್ಯ ಒದಗುವುದರಿಂದ, ತರಗತಿಯಲ್ಲಿ ತಂತ್ರಜ್ಞಾನದ ಬಳಕೆಯು ಆಗ ನಿಜಕ್ಕೂ ಪೂರ್ಣಾವಧಿಯದಾಗುತ್ತದೆ. ಶಿಕ್ಷಕರು ತುಂಬುತ್ತಿರುವಷ್ಟು ಹೊತ್ತು ತರಗತಿಯನ್ನು ನೋಡಿಕೊಳ್ಳುವುದು ಕ್ಲಾಸ್ ಲೀಡರಿನ ಹೊಣೆ. ಹಿರಿಯ ಮಕ್ಕಳೇ ಕಿರಿಯರಿಗೆ ಕಲಿಸುವ ಈ ಕ್ರಮವನ್ನು ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಪ್ರಯೋಗಿಸಿದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, 1797ರಲ್ಲಿ ಅದರ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಮದರಾಸ್ ಪದ್ಧತಿಯೆಂದು ಅದು ಇಂಗ್ಲೆಂಡಿನ ಅನೇಕ ಶಾಲೆಗಳಿಗೆ ಹಬ್ಬಿತು. ಇಪ್ಪತ್ತೊಂದನೆಯ ಶತಮಾನದ ಫೋನು ಹದಿನೆಂಟನೆಯ ಶತಮಾನದ ಬೋಧನಾ ಕ್ರಮವನ್ನು ಮರಳಿ ಸ್ಥಾಪಿಸಿರುವುದು ಶಿಕ್ಷಣದ ಇತಿಹಾಸಕಾರರ ಗಮನಕ್ಕೆ ಬಂದಂತಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗುರುತಿಸಬೇಕು: ಬೆಲ್ಲನ ಹಿರಿಯ ಹುಡುಗರು ಕಿರಿಯರಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಇಂದಿನ ಲೀಡರು ಚಾಕ್‌ಪೀಸ್ ಹಿಡಿದು ಕಪ್ಪು ಹಲಗೆಯ ಮೂಲೆಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆಯುವನು. ಆ ಪಟ್ಟಿಯನ್ನು ದಿನದಿನವೂ ಅಪ್‌ಲೋಡ್ ಮಾಡತಕ್ಕದ್ದೆಂಬ ಆ್ಯಪ್ ಇನ್ನೂ ಬಂದಿಲ್ಲವಾದರೂ, ಅದರ ಅಭಾವವು ಅತ್ಯಂತಾಭಾವವಲ್ಲ, ಪ್ರಾಗಭಾವವೆಂದೇ ಗ್ರಹಿಸತಕ್ಕದ್ದು.